ಮೂರು ಪಾಯಿಂಟ್ ಆರು

ಹೊಸ ಮಿಷನ್ನಿನ ಹೊಟ್ಟೆಗೆ ತಗಡಿನ ಪಟ್ಟಿ:
ದಿನಕ್ಕೆ ಎರಡು ಪಾಯಿಂಟ್ ಒಂದು ಆರು ಟನ್.
ಮುರಿಗೆಪ್ಪನವರು ಅದನ್ನು ಪಂಚೆಯ ಚುಂಗಿನಿಂದ ಒರೆಸಿ
ಮತ್ತೊಮ್ಮೆ ಓದಿದರು, ಮೊಮ್ಮಗನ ಅಂಕಪಟ್ಟಿ ಓದಿದ ಹಾಗೆ.
"ಕೌಸರ್, ಡಿಪ್ಲೊಮಾ ಓದಾಕಿ ನೀನು. ಇದು ನಮ್ಮ ದಾದಾಪೀರನ
ಎಷ್ಟು ಪಟ್ಟು ಆಗ್ತತಿ, ಲೆಕ್ಕ ಹಾಕಿ ಹೇಳವಾ."

ದಾದಾಪೀರ್ ಕಾಕಾ ತಲೆ ಎತ್ತಲಿಲ್ಲ.
ಬಾಣಲೆಯಲ್ಲಿ ಮರಳು ಕಾದಿತ್ತು, ಕೆಳಗೆ ಹೊಟ್ಟು ಉರಿಯುತ್ತಿತ್ತು.
ಸೌಟು ಬಿತ್ತು, ಕೋಲು ತಿರುಗಿತು,
ದಾವಣಗೆರೆಯ ಬೆಳಗು ಚಟಪಟ ಬೆಳ್ಳಗಾಗಿ
ಜರಡಿಗೆ ಸುರಿಯಿತು.

ಸೌಟು ತೂಗಿದೆ: ಅರ್ಧ ಕಿಲೊ ಅಕ್ಕಿ.
ಮೊಬೈಲಿನಲ್ಲಿ ಗಡಿಯಾರ ಒತ್ತಿದೆ: ಸೌಟಿನಿಂದ ಸೌಟಿಗೆ
ಇಪ್ಪತ್ತು ಸೆಕೆಂಡು. ಹತ್ತರಲ್ಲಿ ಒಂಬತ್ತು ಸಲ ಇಪ್ಪತ್ತೇ,
ಒಮ್ಮೆ ಮಾತ್ರ ಇಪ್ಪತ್ತೆರಡು. ಆಗ ಕಾಕಾ ಕೆಮ್ಮಿದ್ದರು.
"ಸೆಕೆಂಡಿಗೆ ಇಪ್ಪತ್ತೈದು ಗ್ರಾಂ ಕಾಕಾ," ಎಂದೆ.
"ಗ್ರಾಮಾ? ನಾನೇನು ಬಂಗಾರ ಹುರಿಯಾಕ ಹತ್ತೀನೇನವಾ?"

ಗ್ರಾಮಿನಿಂದ ಕಿಲೋಗೆ, ಸೆಕೆಂಡಿನಿಂದ ಗಂಟೆಗೆ
ದಾಟಲು ಇರುವುದು ಒಂದೇ ಸಣ್ಣ ಸೇತುವೆ.
ಗಂಟೆಯ ಮೂರು ಸಾವಿರದ ಆರುನೂರು ಸೆಕೆಂಡುಗಳನ್ನು
ಕಿಲೋದ ಸಾವಿರ ಗ್ರಾಂ ತಿಂದು ಉಳಿಸಿದ್ದು:
ಮೂರು ಪಾಯಿಂಟ್ ಆರು.
ಅತ್ತ ಹೋಗುವಾಗ ಗುಣಿಸು, ಇತ್ತ ಬರುವಾಗ ಭಾಗಿಸು.
ಇಪ್ಪತ್ತೈದು ಆ ದಡಕ್ಕೆ ಹೋಗಿ ತೊಂಬತ್ತಾಯಿತು,
ಗಂಟೆಗೆ ತೊಂಬತ್ತು ಕಿಲೊ, ಒಂದು ಕಾಳೂ ಚೆಲ್ಲದೆ.

ಆದರೆ ಗಂಟೆಗೆ ಒಂದೇ ಕಿಲೊ ಹಿಡಿದುಕೊಂಡು
ಈ ದಡಕ್ಕೆ ಬಂದರೆ ಸೆಕೆಂಡಿಗೆ ಎಷ್ಟು ಗ್ರಾಂ?
ಸೊನ್ನೆ ಪಾಯಿಂಟ್ ಎರಡು ಏಳು ಏಳು ಏಳು
ಮುಗಿಯುವುದೇ ಇಲ್ಲ ಆ ಏಳು.
ಬೆಳಗಿನ ನಾಲ್ಕಕ್ಕೆ ಕಾಕಾನ ಹೊದಿಕೆ ಜಗ್ಗುತ್ತ
ಕಾಕಿ ಹೇಳುತ್ತಾಳಲ್ಲ, ಹಾಗೆ:
ಏಳು, ಏಳು, ಏಳು.

ಮತ್ತೆ ಇಪ್ಪತ್ನಾಲ್ಕರಿಂದ ಗುಣಿಸಿದೆ.
ಎರಡು ಸಾವಿರದ ನೂರ ಅರವತ್ತು ಕಿಲೊ.
ಅಂದರೆ ಎರಡು ಪಾಯಿಂಟ್ ಒಂದು ಆರು ಟನ್.
ತಗಡಿನ ಮೇಲಿದ್ದದ್ದೇ.
"ಎಷ್ಟು ಪಟ್ಟು?" "ಒಂದು ಪಟ್ಟು, ಸಾಹುಕಾರ್ರೆ."

ಮುರಿಗೆಪ್ಪನವರು ಕನ್ನಡಕ ತೆಗೆದರು.
"ಮತ್ತ ಇವನು ಯಾಕ ದಿನಕ್ಕೆ ಒಂಬೈನೂರು ಕೊಡ್ತಾನ?"
ಹತ್ತು ತಾಸಿನ ದಿನ ಅದು.
ಉಳಿದ ಹದಿನಾಲ್ಕರಲ್ಲಿ ನಮಾಜು, ಚಹಾ, ನಲ್ಲಿಯ ಸರದಿ,
ಮೊಣಕಾಲಿಗೆ ಎಣ್ಣೆ, ಮತ್ತೆ ಒಂದು ಮುಷ್ಟಿ ನಿದ್ದೆ.
ಸೆಕೆಂಡು ಯಾರನ್ನೂ ಏನೂ ಕೇಳುವುದಿಲ್ಲ.
ದಿನ ಎಂದು ಬರೆಯುವಾಗ ಮಾತ್ರ
ಯಾರೋ ಒಬ್ಬರು ಮಲಗಲಿಲ್ಲ ಎಂದು ಬರೆದಂತೆ.
"ಮಿಷನ್ನೂ ಮಲಗ್ತತಿ," ಅಂದರು ಕಾಕಾ, "ಕರೆಂಟ್ ಹೋದಾಗ."

ಇನ್ನೊಂದು ಮಾತು, ಪುಸ್ತಕದಲ್ಲಿ ಇಲ್ಲದ್ದು:
ಒಂದು ಚೀಲ ಅಕ್ಕಿ ಎಂಟು ಚೀಲ ಮಂಡಕ್ಕಿಯಾದರೂ
ತಕ್ಕಡಿ ಮರುಳಾಗುವುದಿಲ್ಲ. ಉಬ್ಬಿದ್ದು ಗಾತ್ರ.
ತೂಕ ಸ್ವಲ್ಪ ಇಳಿದೇ ಇರುತ್ತದೆ.
ಇಳಿದದ್ದೆಲ್ಲ ಆವಿ. ಅದು ಎಲ್ಲಿಗೆ ಹೋಯಿತೋ
ಕಾಕಾನ ಹುಬ್ಬನ್ನು ಕೇಳಬೇಕು.

ಸಂಜೆ ಭಟ್ಟಿಯ ಬಾಗಿಲಲ್ಲಿ ಕಾಕಾನ ಮೊಮ್ಮಗಳು ಸಿಮ್ರನ್
ಪೇಪರಿನ ಪೊಟ್ಟಣ ಹಿಡಿದು ಕೂತಿದ್ದಳು.
ಒಂದೊಂದೇ ಕಾಳು, ಸೆಕೆಂಡಿಗೊಂದು.
ಕಾಳಿಗೆ ಇಪ್ಪತ್ತು ಮಿಲಿಗ್ರಾಂ ಎಂದುಕೊಂಡರೆ
ಗಂಟೆಗೆ ಎಪ್ಪತ್ತೆರಡು ಗ್ರಾಂ. ಬೆರಳು ಮಡಚಿ
ಲೆಕ್ಕ ಮುಗಿಸುವಷ್ಟರಲ್ಲಿ ಗಾಳಿ ಬೀಸಿ
ಅರ್ಧ ಪೊಟ್ಟಣ ರಸ್ತೆಗೆ ಹಾರಿತು.
ಅವಳು ನಗುತ್ತ ಅದರ ಹಿಂದೆಯೇ ಓಡಿದಳು.