ಪ ಇಲ್ಲದ ಊರು

ನಿಡೋ ಹಾಲಿನಪುಡಿಯ ಹಳೇ ಡಬ್ಬಿ.
ಒಳಗೆ ಸೂಜಿ, ಗುಂಡಿ, ಹರಿದ ಜಪಸರ,
ಅಡಿಯಲ್ಲಿ ಅಜ್ಜಿಯ ಗುರುತಿನ ಚೀಟಿ,
ಮನಾಮಾ, ಐವತ್ತೆಂಟು.

ಶಿರ್ವದ ಅಪೊಲಿನ್ ಬಾಯಿ
ಬೊಂಬಾಯಿಯಿಂದ ಹಡಗು ಹತ್ತಿ
ಅವಾಲಿಯ ಎಣ್ಣೆ ಸಾಹೇಬನ ಮಕ್ಕಳ ಕುಂಡೆ ತೊಳೆಯಲು ಬಂದಳು,
ತನ್ನದನ್ನು ತಂಗಿಯ ಸೊಂಟಕ್ಕೆ ಕೊಟ್ಟು.
ಅರಬಿಯಲ್ಲಿ ಪ ಇಲ್ಲ.
ಗುಮಾಸ್ತ ಕಿವಿಗೆ ಬಿದ್ದದ್ದನ್ನು
ಎರಡು ತುಂಡು ಮಾಡಿ ಬರೆದ:
ಅಬೂ ಲೀನ್.
ಅಂದರೆ, ಲೀನಳ ಅಪ್ಪ.

ಯಾರೂ ತಿದ್ದಲಿಲ್ಲ.
ತಿಂಗಳಿಗೆ ಅರುವತ್ತು ರೂಪಾಯಿ ಮನೆಗೆ ಕಳಿಸುವವರು
ಅಪ್ಪನೇ ಅಲ್ಲವೇನು ಎಂದು
ಎಲೆಅಡಿಕೆ ಸಿಗದ ಬಾಯಲ್ಲಿ ಅಜ್ಜಿ ನಕ್ಕಳಂತೆ.

ಅಮ್ಮ ಪ್ರೆಸಿಲ್ಲಾ, ನರ್ಸು.
ಎದೆಯ ಬಿಲ್ಲೆಯಲ್ಲಿ ಬ್ರೆಸಿಲ್ಲಾ.
ಮೂವತ್ತೊಂದು ವರ್ಷ ಆ ಬ-ಕ್ಕೇ ಓಗೊಟ್ಟು
ರಜೆಯಲ್ಲಿ ಊರಿಗೆ ಹೋದಾಗ
ಬಾವಿಕಟ್ಟೆಯಿಂದ ಯಾರೋ ಸರಿಯಾಗಿ ಕರೆದರೆ
ತಿರುಗಿಯೂ ನೋಡಲಿಲ್ಲ.
ನನಗೆ ಹುಡುಕಿಟ್ಟಳು: ಮರೀನಾ.
ಯಾವ ಕೌಂಟರಿನಲ್ಲೂ ಎಡವದ ಹೆಸರು.
ಎಡವದ್ದು ಎಲ್ಲೂ ನಿಲ್ಲುವುದೂ ಇಲ್ಲ
ಅಂತ ಆಗ ಅವಳಿಗೆ ಹೊಳೆದಿರಲಿಲ್ಲ.

ಅಜ್ಜಿಯ ಚೀಟಿಯಲ್ಲಿ ಉದ್ಯೋಗ: ಆಯಾ.
ಅಮ್ಮನದರಲ್ಲಿ: ನರ್ಸು.
ನನ್ನದರಲ್ಲಿ: ಪತ್ನಿ.

ಈಗ ಮಗಳು, ಎಂಟು ವರ್ಷ.
ಕೆಳಗಿನ ಕೋಲ್ಡ್ ಸ್ಟೋರಿನಲ್ಲಿ ನೆಟ್ಟಗೆ ನಿಂತು
ಚಂದದ ಅರಬಿಯಲ್ಲಿ ಬೆಬ್ಸಿ ಕೇಳುವವಳು,
ಡಬ್ಬಿ ಕೆದಕಿ, ಬಲದಿಂದ ಎಡಕ್ಕೆ ಬೆರಳೆಳೆದು ಓದಿದಳು.
ಅಮ್ಮಾ, ಯಾರು ಈ ಲೀನ್?
ಅವಳ ಅಪ್ಪ ಯಾಕೆ ಸೀರೆ ಉಟ್ಟಿದ್ದಾನೆ?

ನಕ್ಕೆ. ನಿಲ್ಲಿಸಲಾಗಲಿಲ್ಲ.
ಕೊನೆಕೊನೆಗೆ ಅದು ನಗುವೂ ಆಗಿರಲಿಲ್ಲ.

ಆಮೇಲೆ ಕಲಿಸಿದೆ.
ಗಂಟಲು ಗುನುಗಬಾರದು.
ತುಟಿ ಮುಚ್ಚು, ಬಿಡು, ಅಷ್ಟೆ: ಪ.
ಮೂರನೇ ಕ್ಲಾಸಿನ ಅಜ್ಜಿ
ಸೋಪು ಸಕ್ಕರೆಯ ಲೆಕ್ಕ ಬರೆಯುತ್ತಿದ್ದ ಕನ್ನಡದಲ್ಲಿ
ಅವಳ ಹೆಸರಿಗೆ ನಾಲ್ಕೇ ಅಕ್ಷರ.

ಇಲ್ಲಿ ಆಗಸ್ಟಿನಲ್ಲಿ ಗಾಜು ಹೊರಗಿನಿಂದ ಬೆವರುತ್ತದೆ,
ಬರೆಯಬೇಕಾದರೆ ಬಾಲ್ಕನಿಗೆ ಹೋಗಬೇಕು.
ಹೋದಳು. ತುದಿಗಾಲಲ್ಲಿ ನಿಂತಳು.
ಒಳಗೆ ಏಸಿಯಲ್ಲಿ ಕೂತ ನನಗೆ
ಕನ್ನಡವೇ ಬಲದಿಂದ ಎಡಕ್ಕೆ ಹರಿಯಿತು,
ತಲೆಕಟ್ಟೆಲ್ಲ ಆಚೆಗೆ ಹೊರಳಿ,
ಓದಲು ಒಂದು ಗಳಿಗೆ ಹಿಡಿಯಿತು.
ಅಷ್ಟರಲ್ಲಿ ಪೊ ಕರಗಿ
ಕಿಟಕಿಯ ಸಂದಿಗೆ ಇಳಿಯತೊಡಗಿತ್ತು.

ಬಾಗಿಲು ತೆಗಿ ಅಂತ ಬಡಿಯುತ್ತಿದ್ದಾಳೆ.
ಸೆಕೆ.