ಕಪ್ಪಿಟ್ಟ ಬೆಳ್ಳಿ

ಕಾಲ್ಚೀಲದಿಂದ ಶುರುವಾಯಿತು ಅನ್ನಬೇಕು.
ಬೆವರು ನಾರದ ಕಾಲ್ಚೀಲ, ನೂಲಿನೊಳಗೆ ಬೆಳ್ಳಿಯ ಕಣ,
ಕೂದಲೆಳೆಯನ್ನು ಸಾವಿರ ಸಲ ಸೀಳಿದರೆ ಉಳಿಯುವಷ್ಟು.
ತಾರ್ತುವಿನ ಹುಡುಗರು ತೊಟ್ಟು ಓಡಿದರು, ಒಗೆದರು,
ಒಗೆದ ನೀರು ಕೊಳವೆ ಹಿಡಿದು ಊರಾಚೆಗೆ ಇಳಿಯಿತು,
ತಳದ ಕೆಸರು ಒಣಗಿ, ಲಾರಿ ಹತ್ತಿ,
ತೈವೊನ ಬಾರ್ಲಿ ಹೊಲಕ್ಕೆ ಬಂತು ಗೊಬ್ಬರವೆಂದು,
ಅಗ್ಗಕ್ಕೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು
ಹುಳಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.
ಕಣ್ಣಿಲ್ಲ ಅವಕ್ಕೆ. ಮೈಯೆಲ್ಲ ನಾಲಿಗೆ.

ನನ್ನ ಕೆಲಸ ಎಣಿಸುವುದು.
ಒಂದು ಡಬ್ಬಿ, ನಡುವೆ ತಗಡಿನ ಅಡ್ಡಗೋಡೆ,
ಈ ಕಡೆ ಕಾಡಂಚಿನ ಮಣ್ಣು, ಆ ಕಡೆ ತೈವೊನ ಮಣ್ಣು.
ಗೋಡೆ ಎತ್ತಿ, ಗೆರೆಯ ಮೇಲೆ ಹತ್ತು ಎರೆಹುಳ ಬಿಟ್ಟು,
ದೀಪ ಉರಿಯಬಿಟ್ಟು ಬಾಗಿಲು ಹಾಕುತ್ತೇನೆ.
ಎರಡು ದಿನ ಕಳೆದು ಮತ್ತೆ ಗೋಡೆ ಇಳಿಸಿದರೆ
ಈ ಕಡೆ ಒಂಬತ್ತು.
ಆ ಕಡೆ ಒಂದು, ಅದೂ ಮೂಲೆಯಲ್ಲಿ
ತನ್ನನ್ನೇ ಗಂಟಿಕ್ಕಿಕೊಂಡು.

ಓಡಿಹೋಗಲು ಪಕ್ಕದ ಮನೆಯಿಲ್ಲದ ಡಬ್ಬಿಗಳೂ ಇವೆ.
ಅವುಗಳಲ್ಲಿ ಐವತ್ತಾರು ದಿನ.
ಸಾಯುವುದಿಲ್ಲ, ತಿನ್ನುತ್ತವೆ, ಹಿಕ್ಕೆ ಹಾಕುತ್ತವೆ,
ಸಂಸಾರ ಮಾತ್ರ ಬೆಳೆಯದು.
ಬಿಸಿನೀರಿನ ತೊಟ್ಟಿಯಲ್ಲಿ ಡಬ್ಬಿ ಇಟ್ಟರೆ
ನೂಲಿನಂಥ ಮರಿಗಳು ಮೇಲೇಳಬೇಕು.
ಕಾದೆ. ನೀರು ಆರಿತು.
ಮೂರು ಎದ್ದವು.
ಒಳ್ಳೆಯ ಮಣ್ಣಿನದರಲ್ಲಿ ನೂರಾ ಹನ್ನೊಂದು.

ಸೆತೊಮಾದಲ್ಲಿ ನನ್ನ ಅಜ್ಜಿ ವಾಸ್ಸಾ,
ಅವಳೆದೆಯ ಮೇಲೆ ಬೋಗುಣಿ ಬೋರಲು ಹಾಕಿದಂಥ ಬೆಳ್ಳಿ ಬಿಲ್ಲೆ,
ನಡೆದರೆ ಸರಗಳು ಗಲಗಲ,
ಮದುವೆಗೆ ಬಂದ ಕೆಟ್ಟ ಕಣ್ಣು ಅದಕ್ಕೇ ತಾಗಿ ಜಾರಿಹೋಗುವುದಂತೆ.
ವರ್ಷವಿಡೀ ಪೆಟ್ಟಿಗೆಯಲ್ಲಿ ಕಪ್ಪಿಟ್ಟು ಕೂತಿರುತ್ತಿತ್ತು.
ಹಬ್ಬದ ಹಿಂದಿನ ಸಂಜೆ ಬೂದಿ ಹಾಕಿ ತಿಕ್ಕುವ ಕೆಲಸ ನನ್ನದು.
"ಉಜ್ಜು, ಇನ್ನೂ ಉಜ್ಜು, ಬೆಳ್ಳಿ ಉಸಿರಾಡಲಿ" ಎನ್ನುವಳು.
ಉಗುರಿನ ಸಂದಿಯ ಮಸಿ ವಾರವಾದರೂ ಬಿಡುತ್ತಿರಲಿಲ್ಲ.

ಉಸಿರಾಡುವ ಬೆಳ್ಳಿಯೇ ಕೊಲ್ಲುವುದು ಅಜ್ಜಿ,
ಎಂದು ಈಗ ಯಾರಿಗೆ ಹೇಳಲಿ.
ಹೊಳೆವ ಕಣ ಮಣ್ಣಿನ ತೇವದಲ್ಲಿ ಚೂರು ಚೂರೇ ಕರಗುತ್ತದೆ,
ಕರಗಿದ್ದು ಹುಳದ ತೊಗಲು ದಾಟುತ್ತದೆ.
ಗಂಧಕ ತಾಗಿ ಕಪ್ಪಿಟ್ಟದ್ದು
ಬಾಯಿ ಮುಚ್ಚಿಕೊಂಡು ಬಿದ್ದಿರುತ್ತದೆ.

ಹಾಗಾಗಿ ಈ ಚಳಿಗಾಲ ನಾನು ಹಿಂದುಮುಂದಾಗಿ ತಿಕ್ಕಿದೆ.
ಕೆಸರಿಗೆ ಗಂಧಕ ಉಣಿಸಿದೆ. ಕೊಳೆತ ಮೊಟ್ಟೆಯ ನಾತ ಕೋಟಿಗಂಟಿ
ಬಸ್ಸಿನಲ್ಲಿ ಪಕ್ಕದ ಸೀಟು ತಿಂಗಳಿಡೀ ಖಾಲಿ.
ಜೌಗಿನ ನೀರು ತಂದೆ, ಡಿಕಾಕ್ಷನ್ನಿನ ಬಣ್ಣದ್ದು,
ಯಾವ ಕಾಲದ್ದೋ ಪಾಚಿ ಕೊಳೆಯಲೂ ಪುರುಸೊತ್ತಿಲ್ಲದೆ
ನೆನೆದು ನೆನೆದು ಇಳಿಸಿದ ಕಷಾಯ.
ಎರೆಹುಳಕ್ಕೆಂದು ಎರೆದೆ.
ಮೇಲೆ ಒಂದು ಹಿಡಿ ಬರ್ಚ್ ಮರದ ಇದ್ದಿಲ ಪುಡಿ,
ಕೈಯಳತೆಯಲ್ಲ, ತಕ್ಕಡಿಯಲ್ಲಿ ತೂಗಿದ ಹಿಡಿ.

ಮಾರ್ಚ್ ಮೂರನೆಯ ವಾರ.
ಚರಂಡಿಯಂಚಿನಲ್ಲಿ ಹಿಮ ಇನ್ನೂ ಕೊಳಕಾಗಿ ಕೂತಿತ್ತು.
ಗೋಡೆ ಇಳಿಸಬೇಕು, ಕೈ ನಿಂತಿತು.
ಒಂದು ಹುಳ ಗೆರೆಯ ಮೇಲೇ ಇದೆ,
ಬಾಲ ಕಾಡಿನ ಕಡೆ, ತಲೆ ತೈವೊನ ಕಡೆ,
ಅವಸರವಿಲ್ಲ ಅದಕ್ಕೆ.
ನಿಯಮದಲ್ಲಿ ಇಂಥದ್ದನ್ನು ಅರ್ಧರ್ಧ ಬರೆಯಬೇಕು.
ಬರೆದೆ: ಈ ಕಡೆ ಐದೂವರೆ, ಆ ಕಡೆ ನಾಲ್ಕೂವರೆ.
ತಗಡನ್ನು ಇಳಿಸಲೇ ಇಲ್ಲ;
ಇದನ್ನು ವರದಿಯಲ್ಲಿ ಬರೆಯಲಿಲ್ಲ.

ಫೋನಿನಲ್ಲಿ ತೈವೊ ಅಂಕಿಗಳನ್ನು ಕೇಳಿಸಿಕೊಂಡ.
"ಆ ಕಪ್ಪು ಎಷ್ಟು ವರ್ಷ ಕಪ್ಪಾಗಿರುತ್ತೆ, ಹಿಲ್ಯೆ?
ಬೇರುಗಳು ನೆಕ್ಕೀ ನೆಕ್ಕೀ ಮತ್ತೆ ಬೆಳ್ಳಗೆ ಮಾಡಿದರೆ?"
ಗೊತ್ತಿಲ್ಲ ಎಂದೆ.
ಆಚೆ ಕಡೆ ಟ್ರ್ಯಾಕ್ಟರು ಕೆಮ್ಮುತ್ತಿತ್ತು.

"ಹೋದ ವರ್ಷ ಉಳುವಾಗ ಕೊಕ್ಕರೆ ಎರಡು ಬಂದಿದ್ದವು," ಅಂದ,
"ನನ್ನ ಹಿಂದೆ ಅರ್ಧ ಸಾಲು ನಡೆದವು,
ಆಮೇಲೆ ಬೇಲಿ ದಾಟಿ ಪಕ್ಕದವನ ಹೊಲಕ್ಕೆ ಹೋದವು.
ಈ ಸಲ ಎಣಿಸುತ್ತೇನೆ."