ಹನ್ನೆರಡು ಬಾರ್

ಭೋಸರಿ ಎಂಐಡಿಸಿ. ಎರಡನೇ ಪಾಳಿ.
ಹೊರಗ ಟೆಂಪೋ ಹಿಂದಕ್ಕ ಸರಿಯೂ ಪೀಂ ಪೀಂ,
ಒಳಗ ಕೂಲಂಟಿನ ಹಳಸಿದ ಮಜ್ಜಿಗಿ ವಾಸನಿ.
ಅಕ್ಕಲಕೋಟದ ಮಹಾನಂದಾ, ಒಂಬತ್ತು ದಿನದ ಟ್ರೇನಿ,
ಜಡಿ ಟೊಪಗಿಯೊಳಗ ತುರುಕಿ
ಸ್ಟೀಲಿನ ಬಳಿ ಕಳಚಿ ಕಿಸೆಕ್ಕ ಹಾಕಿ
ಲೇಥಿನ ಮುಂದ ನಿಂತಾಳ.

ಮೊದಲ ಪೆಡಲಿನಿಂದ ಕಾಲು ದೂರ ಇಡವಾ, ಅಂದೆ.
ಕೈ ಒಳಗಿದ್ದಾಗ ಕಾಲು ಇಲ್ಲ ಅಂತ ತಿಳಿ.
ಮೂರು ದವಡಿ. ಎಣ್ಣಿ ನೂಕಿದರ ಕಚ್ಚತಾವ.
ಉಕ್ಕು ಯಾವುದು, ಬೆರಳು ಯಾವುದು
ಅವು ವಿಚಾರಿಸೂದಿಲ್ಲ.

ದವಡಿ ಬದಲಿಸಿದಾಗ ಹಲ್ಲಿಗೆ ಹಲ್ಲು ಕೂಡಿಸು.
ಬ್ರಷ್ ಆಡಿಸು, ಒಂದು ಚೂರು ಬುರ್ರಾ ಉಳೀಬಾರದು.
ಮೂರಕ್ಕೂ ಗೆರಿ ಎಣಿಸು. ಒಂದು ಗೆರಿ ತಪ್ಪಿತೋ,
ಪಂಕ್ತಿಯೊಳಗ ಒಬ್ಬನ ಎಲಿ ಮುಂದ ಹಾಕಿದಂಗ,
ಎಲ್ಲಾರೂ ಸೊಟ್ಟಗ ಕೂಡತಾರ.
ಬೋಲ್ಟಿಗೆ ಟಾರ್ಕ್ ಪಾನಾ. ಟಕ್ ಅಂತು, ಬಿಡು.
ಪೈಪು ಸಿಗಿಸಿ ಜಗ್ಗೂದು
ನಮ್ಮ ಕಾಲದ ಗಂಡಸುತನ, ನಿನಗ ಬ್ಯಾಡ.

ಈಗ ಈ ಬುಶ್ ನೋಡು.
ಗ್ವಾಡಿ ಮೂರು ಮಿಲಿಮೀಟರ್.
ನಿನ್ನೆ ರಾತ್ರಿಯವ ಇಪ್ಪತ್ತೆಂಟು ಬಾರಿನಾಗ ಹಿಡಿದಿದ್ದ.
ಚಕ್ಕಿನೊಳಗ ಇರೂಮಟ ಭೇಷ್ ದುಂಡಗ,
ಡಯಲಿನ ಮುಳ್ಳು ಮಿಸುಕಲಿಲ್ಲ.
ಬಿಟ್ಟ, ಆಯಿತು ಮೂರು ಮೂಲಿ.
ನಲವತ್ತು ನಗ ಕೆಂಪು ಡಬ್ಬಿಯೊಳಗ ಬಿದ್ದಾವ, ಹೋಗಿ ಎಣಿಸಿ ಬಾ.
ಹಿಡಿದವನ ಕೈಯಾಗ ಎಲ್ಲಾ ಸರಿನ ಇರತಾವ, ಮಹಾನಂದಾ.
ಬಿಟ್ಟ ಮ್ಯಾಲ ಅಳೀಬೇಕು.

ಸ್ಪಿಂಡಲ್ ನಿಂತಿತ್ತು. ಆಕಿ ಗುಬಟಿ ತಿರುವಿದಳು,
ಹದಿನೆಂಟು,
ಹದಿನೈದು,
ಹನ್ನೆರಡು.
ಇನ್ನೂ ಇಳಿಸಲೇನ್ರಿ?
ಸಾಕು. ತಿರುಗಿದಂಗ ದವಡಿಗೆ ಹೊರಗ ಹಾರೂ ಆಶಾ,
ಓಟ ಹೆಚ್ಚಾದಷ್ಟೂ ಹಿಡಿತ ಕಮ್ಮಿ.
ಒತ್ತಡ ಇಳಿಸಿದರ ಓಟಾನೂ ಇಳಿಸು,
ಇಲ್ಲಾಂದ್ರ ಬುಶ್ ತೋಫಿನ ಗುಂಡಾಗತೈತಿ.

ಆಕಿ ತಲಿ ಅಲ್ಲಾಡಿಸಲಿಲ್ಲ. ಬಾಗಲಾ ನೋಡಾಕತ್ತಿದ್ದಳು.
ತೆರದ ಐತಿ, ಮತ್ತ ಹಸರ ದೀಪ ಯಾಕ ಹತ್ತೈತ್ರಿ?

ಸ್ವಿಚ್ಚಿನ ಮ್ಯಾಲ ಕರೀ ಟೇಪು,
ಟೇಪಿನ ಕೆಳಗ ಪೇಪರಮಿಂಟಿನಷ್ಟು ಮ್ಯಾಗ್ನೆಟ್.
ಯಾರಿಟ್ಟಾರ?

ಗ್ರೀಸ್ ಗನ್ ತಗೊಂಡೆ.
ಒಂದನೇ ನಿಪ್ಪಲಿಗೆ ಎರಡು ಸಲ ಒತ್ತಿದೆ, ಎರಡನೇದಕ್ಕ ಎರಡು,
ಮೂರನೇದಕ್ಕ ಎಷ್ಟು ಒತ್ತಿದೆನೋ.
ದೀಪಾವಳಿ ಮುಂದಿನ ಡಿಸ್ಪ್ಯಾಚು. ಒಂದು ನಗಕ್ಕ ನಾಲ್ಕು ಸೆಕೆಂಡು ಉಳೀತಿತ್ತು.
ಸೂಪರ್‌ವೈಸರ್ ಟೆಮ್‌ಘರೆ ಈ ಕಡೆ ಹಾಯುವಾಗೆಲ್ಲಾ
ಕನ್ನಡಕ ಒರಸಿಕೋತಿದ್ದ.
ಯಾರಿಗೂ ಏನೂ ಆಗಲಿಲ್ಲ.
ಆಗಲಿಲ್ಲ ಅಂತನ ಅದು ಅಲ್ಲೇ ಉಳೀತು.
ನಾನ ಇಟ್ಟಾವ, ಅಂದೆ.

ಆಕಿ ಏನೂ ಅನ್ನಲಿಲ್ಲ.
ಉಗುರಿನಿಂದ ಟೇಪು ಎಬ್ಬಿಸಿ
ಮ್ಯಾಗ್ನೆಟ್ ಕಿಸೆಕ್ಕ ಇಳಿಬಿಟ್ಟಳು,
ಬಳಿ ಟಿಕ್ ಅಂತ ಅಪ್ಪಿಕೊಂಡಿತು.
ದೀಪ ಕೆಂಪಗಾತು. ಬಾಗಲಾ ಎಳೆದಳು, ಹಸರಾತು.

ಮೊದಲ ಬುಶ್ ಬಂತು. ತಣ್ಣಗಾಗೂಮಟ ಕಾದು
ಮೂರು ಕಡೆ ಅಳೆದಳು,
ತುಸು ತಿರುವಿ ಮತ್ತ ಮೂರು ಕಡೆ.
ಅಂಕಿ ಬರದಳು. ಷರಾ ಖಾನ್ಯಾಗ ಬರದಳು:
ಬಾಗಿಲ ಸ್ವಿಚ್ಚಿನ ಮ್ಯಾಗ್ನೆಟ್ ತೆಗೆಯಲಾಗಿದೆ.
ಕೆಳಗ ಸಹಿಗೆ ಜಾಗಾ ಬಿಟ್ಟು
ಪೆನ್ನು ನನ್ನ ಕಡೆ ಹಿಡಿದಳು,
ಬಿಗಿಯಾಗೂ ಅಲ್ಲ, ಸಡಲಾಗೂ ಅಲ್ಲ.